ಕೊಪ್ಪಳದಲ್ಲಿಟ್ಟ ಕಟ್ಟು

ಬಟ್ಟೆ ಕಟ್ಟಿನ ಗಂಟು ಬಿಚ್ಚಲಿಲ್ಲ. ವಿರುಪಣ್ಣ ಉಗುರು ಹಾಕಿ ಎಳೆದ, ಹಲ್ಲು ಹಾಕಿದ. ಎದುರಿಗೆ ಕೂತಿದ್ದ ಅಕ್ಕನ ಗಂಡ ದುರುಗಪ್ಪ ನಕ್ಕ.

‘ಮೂವತ್ತು ವರ್ಷ ರಿಕಾರ್ಡ್ ರೂಮಿನಾಗ ಕಟ್ಟಿದ ಕೈಯಿದು, ಮಾಸ್ತರ. ಹಂಗ ಬಿಚ್ಚೂದಿಲ್ಲ.’

ವಿರುಪಣ್ಣನಿಗೆ ನಗು ಬರಲಿಲ್ಲ. ಗಂಗಾವತಿಯಿಂದ ಕೊಪ್ಪಳದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದ. ಹನ್ನೊಂದು ವರ್ಷ, ರವಿವಾರ ರವಿವಾರ, ಯಲಬುರ್ಗಾ ಕಡೆಯ ನಲವತ್ತು ಬಾವಿಗಳಿಗೆ ಹಗ್ಗ ಇಳಿಬಿಟ್ಟು ನೀರಿನ ಆಳ ಬರೆದುಕೊಂಡವನು ಅವನು. ನೋಟ್‌ಬುಕ್ಕುಗಳಿಗೆ ಗೆದ್ದಲು ಹತ್ತಿದಾಗ, ಎಂಬತ್ತೇಳರಲ್ಲಿ, ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದು ಅಂಕಿಗಳನ್ನೆಲ್ಲ ಫ್ಲಾಪಿಗೆ ಏರಿಸಿದ. ಒಂದೊಂದು ಪ್ರತಿಗೆ ನಾಲ್ಕು ಫ್ಲಾಪಿ. ಅಂಥ ಮೂರು ಪ್ರತಿ: ಒಂದು ಮನೆಯಲ್ಲಿ, ಒಂದು ಕುಷ್ಟಗಿಯ ಗೆಳೆಯ ಹೈದರಸಾಬನ ಹತ್ತಿರ, ಒಂದು ಇಲ್ಲಿ, ದುರುಗಪ್ಪನ ಕಪಾಟಿನಲ್ಲಿ. ಹುಣ್ಣಿಮೆಗೊಮ್ಮೆ ಹೊರಗಿನದೊಂದನ್ನು ತರಿಸಿ, ಹೊಸ ಅಂಕಿ ಸೇರಿಸಿ, ತಿರುಗಿ ಕಳಿಸುತ್ತಿದ್ದ. ಮನೆಗೆ ಬೆಂಕಿ ಬಿದ್ದರೂ ಬಾವಿಗಳು ಉಳಿಯಲಿ ಎಂದು.

ಬೆಂಕಿ ಬೀಳಲಿಲ್ಲ. ಮೊನ್ನೆ ಯಂತ್ರವೇ ಕರಕರ ಎಂದು ಮನೆಯ ಫ್ಲಾಪಿಗಳನ್ನು ಕೆರೆದು ಹಾಕಿತು. ತಪ್ಪು ಯಂತ್ರದ್ದಲ್ಲ, ಫ್ಲಾಪಿಯದೆಂದು ತಿಳಿದು, ಆಗಷ್ಟೇ ಕುಷ್ಟಗಿಯಿಂದ ಬಂದಿದ್ದವನ್ನೂ ಒಂದೊಂದಾಗಿ ಅದರ ಬಾಯಿಗೆ ಕೊಟ್ಟ. ಅವೂ ಹೋದವು. ಗೆದ್ದಲು ತಿಂದು ಬಿಟ್ಟ ನೋಟ್‌ಬುಕ್ಕುಗಳನ್ನು ಹೆಂಡತಿ ಪಾರಮ್ಮ ಹೋದ ವರ್ಷವೇ ನೀರೊಲೆಗೆ ಹಾಕಿದ್ದಳು. ಉಳಿದದ್ದು ಈ ಕಟ್ಟು.

ಗಂಟು ಸಡಿಲಾಯಿತು, ಬಟ್ಟೆ ಬಿಚ್ಚಿಕೊಂಡಿತು. ನಾಲ್ಕೂ ಫ್ಲಾಪಿ ಒಂದರ ಮೇಲೊಂದು. ಎಡ ಅಂಚಿನಿಂದ ಎರಡು ಬೆರಳು ಒಳಗೆ ಆರಪಾರ ತೂತು, ತೂತಿನಲ್ಲಿ ಕೆಂಪು ಲಾಡಿ.

‘ದಬ್ಬಳ ಹಾಕೀರೇನ್ರಿ, ಮಾಮಾ?’

‘ಮತ್ತ? ಮನಿಗೆ ಸುಣ್ಣ ಹಚ್ಚಾಕ ಕಪಾಟು ಹೊರಗಿಟ್ಟಿದ್ವಿ. ಬಿಡಿ ಬಿಡಿ ಇದ್ರ ಒಂದಾರ ಕಳೀತೈತಿ ಅಂತ ಫೈಲ್ ಮಾಡಿದೆ. ಒಂದೂ ಕಳೀಬಾರ್ದು ಅಂತ ನೀನ ಹೇಳಿದ್ದಿ. ಎಣಿಸ್ಕೊ.’

ವಿರುಪಣ್ಣ ಮೇಲಿನ ಫ್ಲಾಪಿಯ ನಡುವಿನ ದುಂಡು ತೂತಿಗೆ ಬೆರಳಿಟ್ಟು ತಿರುಗಿಸಿದ. ಅಂಕಿಗಳಿದ್ದ ಒಳಗಿನ ಕರಿ ಬಿಲ್ಲೆ ಅಲುಗಲಿಲ್ಲ. ದಬ್ಬಳ ಅದನ್ನೂ ತೂರಿ ಹೋಗಿತ್ತು, ಲಾಡಿ ಅದನ್ನೂ ಹಿಡಿದು ಕಟ್ಟಿತ್ತು.

‘ನಾಕೂ ಅದಾವು’ ಎಂದ.

‘ಮತ್ಯಾಕ ಮಾರಿ ಹಂಗ ಮಾಡ್ತಿ? ಆ ತೂತಿನಾಗ ಬಾವಿ ನೀರು ಸೋರಿ ಹೋತೇನು?’

ವಿರುಪಣ್ಣ ಇನ್ನೊಮ್ಮೆ ಬಿಲ್ಲೆಯನ್ನು ತಿರುಗಿಸಲು ನೋಡಿದ. ದುರುಗಪ್ಪನ ನಗು ಅರ್ಧಕ್ಕೇ ನಿಂತಿತು. ಲಾಡಿಯನ್ನೊಮ್ಮೆ, ಭಾಮೈದನ ಮುಖವನ್ನೊಮ್ಮೆ ನೋಡಿ, ಎದ್ದು ಒಳಗೆ ಹೋದ. ತೊಗಲಿನ ಬೆನ್ನಿನ ದಪ್ಪ ಖಾಲಿ ರಿಜಿಸ್ಟರೊಂದನ್ನು ತಂದು ಧೂಳು ಒರೆಸಿ ಮುಂದಿಟ್ಟ.

‘ಇದು ನೂರು ವರ್ಷ ಬಾಳತೈತಿ. ಬಾವಿ ಎಲ್ಲಿ ಓಡಿ ಹೋಗ್ಯಾವ? ರವಿವಾರ ನಾನೂ ಬರ್ತೀನಿ, ಹಗ್ಗ ಹಿಡೀತೀನಿ. ಮೊದಲಿಂದ ಸುರು ಮಾಡೂಣು. ತಗೋ.’

ಆ ನಲವತ್ತು ಬಾವಿಗಳಲ್ಲಿ ಒಂಬತ್ತನ್ನು ಆಗಲೇ ಮಣ್ಣು ಹಾಕಿ ಮುಚ್ಚಿದ್ದರು. ವಿರುಪಣ್ಣ ರಿಜಿಸ್ಟರನ್ನು ಅಂಗೈಯಿಂದ ದುರುಗಪ್ಪನ ಕಡೆಗೇ ಸರಿಸಿದ.

‘ಒಲ್ಲೆ.’