ತೀರ್ಥಮ್ಮನ ಜಾಮೀನು

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ಮಗಳ ಮದುವೆಯ ದಿನ, ಅಜ್ಜಂಪುರದ ತೀರ್ಥಮ್ಮ ಗಂಡನಿಗೆ ಒಂದು ಮಾತು ಕೊಟ್ಟಿದ್ದಳು: ‘ನಿಮ್ಮ ಕೈ ಮುರಿದೋನು ತನ್ನ ಮಗಳಿಗೆ ಧಾರೆ ಎರೆಯೋಕೆ ನಾನು ಬಿಡಲ್ಲ.’

ಗಂಡ ಗಂಗಾಧರಯ್ಯನ ಬಲಗೈ ಏಳುತ್ತಿರಲಿಲ್ಲವಾಗಿ ಅವನ ಬದಲು ತಮ್ಮನೇ ಧಾರೆ ಎರೆದಿದ್ದ. ಬದುವಿನ ಜಗಳದಲ್ಲಿ ಪಕ್ಕದ ಹೊಲದ ಕಲ್ಲೇಶಪ್ಪ ಗಾಡಿಯ ಗೂಟ ಕಿತ್ತು ಹೊಡೆದು ಆಗಿನ್ನೂ ಎಂಟು ತಿಂಗಳು.

ಕೇಸು ತರೀಕೆರೆ ಕೋರ್ಟಿನಲ್ಲಿ ಐದು ವರ್ಷ ತೆವಳಿತು. ತೀರ್ಪಿನ ಹೊತ್ತಿಗೆ ಗಂಗಾಧರಯ್ಯ ಇರಲಿಲ್ಲ. ಮೊದಲ ತಪ್ಪು, ಸಂಸಾರಸ್ಥ, ಜೈಲು ಬೇಡ ಎಂದು ಕೋರ್ಟು ಕಲ್ಲೇಶಪ್ಪನನ್ನು ಎರಡು ವರ್ಷದ ಪ್ರೊಬೇಷನ್ ಮೇಲೆ ಬಿಟ್ಟಿತು. ತಿಂಗಳಿಗೊಮ್ಮೆ ಅಧಿಕಾರಿಯ ಮುಂದೆ ಹಾಜರಾಗಬೇಕು, ಕೇಳದೆ ತಾಲ್ಲೂಕು ದಾಟಬಾರದು, ಊರಿನವರೊಬ್ಬರು ಜಾಮೀನು ನಿಲ್ಲಬೇಕು. ಅವನ ಬಾಯಿಗೆ ಸಿಕ್ಕಿ ನೊಂದವರೇ ಊರ ತುಂಬ. ಯಾರೂ ಮುಂದೆ ಬರಲಿಲ್ಲ. ತೀರ್ಥಮ್ಮ ಹೋಗಿ ಹೆಬ್ಬೆಟ್ಟು ಒತ್ತಿದಳು.

‘ತಲೆ ನೆಟ್ಟಗಿದೆಯೇನೇ ನಿಂಗೆ?’ ಎಂದಳು ಪಕ್ಕದ ಮನೆ ಪ್ರೇಮಮ್ಮ.

‘ಜೈಲಲ್ಲಿದ್ರೆ ಸರ್ಕಾರದ ಕೈಲಿರ್ತಿದ್ದ ಕಣೇ. ಈಗ ನನ್ನ ಕೈಲಿದಾನೆ. ನಾನು ಜಾಮೀನು ಬಿಟ್ಟ ದಿನ ಒಳಗೆ ಹೋಗ್ತಾನೆ.’

ಪ್ರೊಬೇಷನ್ ಅಧಿಕಾರಿ ಗಿರಿಯಪ್ಪ ಪ್ರತಿ ತಿಂಗಳು ಚಾವಡಿಗೆ ಬಂದು ಕೂರುತ್ತಿದ್ದರು. ಕಲ್ಲೇಶಪ್ಪ ಟವೆಲ್ಲನ್ನು ಕಂಕುಳಲ್ಲಿಟ್ಟು ನಿಲ್ಲುತ್ತಿದ್ದ.

‘ಹೆಂಗಿದಾನಮ್ಮ?’

‘ಯಾರ ತಂಟೆಗೂ ಹೋಗಿಲ್ಲ ಸ್ವಾಮಿ.’ ಅದು ನಿಜವೂ ಆಗಿತ್ತು.

ಒಮ್ಮೆ ಹೊರಗೆ ಬಂದಾಗ ಕಲ್ಲೇಶಪ್ಪ ಕೈ ಮುಗಿದ. ‘ಅಕ್ಕಾ, ನಿಮ್ಮ ಋಣ ತೀರ್ಸೋಕಾಗಲ್ಲ.’

‘ಅದಿರ್ಲಿ ಬಿಡಪ್ಪ. ಮಗಳ ಮದುವೆ ಯಾವಾಗ?’

ಇಪ್ಪತ್ತನೆಯ ತಿಂಗಳಲ್ಲಿ ಮದುವೆ ಗೊತ್ತಾಯಿತು. ಕಡೂರಿನಲ್ಲಿ, ಭಾನುವಾರ. ತಾಲ್ಲೂಕು ದಾಟಲು ಗಿರಿಯಪ್ಪನವರು ಅನುಮತಿ ಕೊಟ್ಟರು. ಮದುಮಗಳು ಮಲ್ಲಿಕಾಂಬ ಲಗ್ನಪತ್ರಿಕೆ ಹಿಡಿದು ತಾನೇ ಬಂದು ಕಾಲಿಗೆ ಬಿದ್ದಳು.

‘ದೊಡ್ಡಮ್ಮ, ನೀವು ಬರ್ಲೇಬೇಕು. ಅಪ್ಪ ಮಂಟಪದಲ್ಲಿ ಕೂರೋದು ನಿಮ್ಮಿಂದ.’

‘ಒಳ್ಳೇದಾಗ್ಲಿ ಕಣವ್ವ,’ ಎಂದಳು ತೀರ್ಥಮ್ಮ. ಮನಸಾರೆಯೇ ಅಂದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ. ಆದರೂ ಶನಿವಾರ ಮೊದಲ ಬಸ್ಸಿಗೆ ತರೀಕೆರೆಗೆ ಹೋಗಿ, ಜಾಮೀನಿನಿಂದ ತನ್ನನ್ನು ಬಿಡಿಸಬೇಕೆಂದು ಅರ್ಜಿ ಕೊಟ್ಟಳು.

ಗಿರಿಯಪ್ಪನವರು ಕೋರ್ಟಿನ ಮೆಟ್ಟಿಲಲ್ಲೇ ತಡೆದರು. ‘ಇನ್ನು ನಾಲ್ಕೇ ತಿಂಗಳು ಕಣಮ್ಮ. ಅವನೇನು ತಪ್ಪು ಮಾಡ್ದ?’

‘ಈಗೇನೂ ಮಾಡಿಲ್ಲ.’

‘ಹಂಗಾದ್ರೆ ಸೋಮವಾರ ಕೊಡು. ಮದುವೆ ಮುಗೀಲಿ.’

‘ಸೋಮವಾರ ನಂಗೆ ಕಳೆ ಕೀಳೋದಿದೆ ಸ್ವಾಮಿ.’

ಮಧ್ಯಾಹ್ನದೊಳಗೆ ವಾರಂಟು ಹೊರಟಿತು. ಹೊಸ ಜಾಮೀನು ಕೊಡಬೇಕಾದರೆ ಕೋರ್ಟು ತೆರೆಯಬೇಕು, ಅದು ತೆರೆಯುವುದು ಸೋಮವಾರ. ಭಾನುವಾರ ಬೆಳಿಗ್ಗೆ ಪೇಟ ಸುತ್ತಿಸಿಕೊಳ್ಳುತ್ತಿದ್ದ ಕಲ್ಲೇಶಪ್ಪನನ್ನು ಪೊಲೀಸರು ಚಪ್ಪರದಿಂದಲೇ ಕರೆದೊಯ್ದರು. ಸೋದರಮಾವ ಚೌಡಪ್ಪ ಧಾರೆ ಎರೆದ. ಮಲ್ಲಿಕಾಂಬ ತಲೆ ಎತ್ತಲಿಲ್ಲವಂತೆ.

ತೀರ್ಥಮ್ಮ ಗಂಡನಿಗೆ ಕೊಟ್ಟ ಮಾತನ್ನು ನಡೆಸಿದಳು.