ಅತ್ತೆ ಹೇಳಿದ ಕೊನೆ

ಓದುತ್ತಿದ್ದ ಪುಸ್ತಕ ಮುಗಿದ ದಿನ ರುಕ್ಮವ್ವನ ಕೈ ನೋಡಿದರೆ ಸಾಕು, ಬರೆದವನ ಗತಿ ಏನಾಗಿದೆ ಎಂಬುದು ಸೊಸೆ ಕೋಮಲಳಿಗೆ ತಿಳಿದುಬಿಡುತ್ತಿತ್ತು. ಕನ್ನಡಕ ತೆಗೆದು ಸೆರಗಿನಿಂದ ಗಸಗಸ ತಿಕ್ಕಿದಳೋ, ಪುಸ್ತಕ ಸೇರಿಲ್ಲ ಅಂತ ಅರ್ಥ. ಕನ್ನಡಕ ಮೂಗಿನ ಮೇಲೆ ಬಿಟ್ಟು ಚಹಾ ಕೇಳಿದಳೋ, ಲೇಖಕ ಬಚಾವಾದ.

ಕೃಷ್ಣಾ ಹೊಳೆ ದಂಡೆಯ ಸತ್ತಿ ಊರಿನ ಆ ಮನೆಯಲ್ಲಿ ಪುಸ್ತಕದ ಹುಚ್ಚು ಇದ್ದದ್ದು ಅತ್ತೆ ಸೊಸೆ ಇಬ್ಬರಿಗೇ. ರುಕ್ಮವ್ವನ ತವರು ಮಹಾರಾಷ್ಟ್ರದ ಗಡಿಯ ಕಾಗವಾಡ, ಕಲಿತದ್ದು ಮರಾಠಿ ಶಾಲೆ. ಬೆಳಗಿನಿಂದ ಸಂಜೆವರೆಗೆ ಕನ್ನಡದಲ್ಲೇ ಬೈದು ಕನ್ನಡದಲ್ಲೇ ನಗುವ ಈ ಹೆಂಗಸಿಗೆ ಓದಲು ಮಾತ್ರ ಮರಾಠಿಯೇ ಆಗಬೇಕು. ಗೋಕಾಕದ ಕಡೆಯಿಂದ ಬಂದ ಕೋಮಲ ಓದುವುದು ಕನ್ನಡ. ಮಧ್ಯಾಹ್ನ ಇಬ್ಬರೂ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತ ಕೂತರೆ, ಇವಳು ಓದಿದ ಕತೆ ಅವಳಿಗೆ, ಅವಳು ಓದಿದ ಕತೆ ಇವಳಿಗೆ. ಒಂದು ಓದಿದರೆ ಎರಡು ಓದಿದ ಹಾಗೆ.

ಮತ್ತೆ ರುಕ್ಮವ್ವನ ಅಭಿಪ್ರಾಯಗಳೆಂದರೆ, ಅಯ್ಯಯ್ಯ, ಎಂಥವು! ಯಾರೋ ದೊಡ್ಡ ಡಾಕ್ಟರರ ಆತ್ಮಕಥೆ ಓದಿ ಮುಗಿಸಿ, "ಇಷ್ಟ ದಪ್ಪ ಪುಸ್ತಕದಾಗ ಹೆಂಡ್ತಿ ಎರಡ ಸಲ ಬಂದಾಳ ನೋಡು. ಲಗ್ನದಾಗ ಒಮ್ಮಿ, ಸಾಯೂವಾಗ ಒಮ್ಮಿ. ನಡುವ ಈ ಪುಣ್ಯಾತ್ಮಗ ರೊಟ್ಟಿ ಬಡದ ಹಾಕಿದವರ ಯಾರು?" ಅಂದಿದ್ದಳು. ಹಿಮಾಲಯಕ್ಕೆ ಹೋಗಿ ಬಂದವನೊಬ್ಬ ಬರೆದ ಪ್ರವಾಸ ಕಥನಕ್ಕೆ, "ಪುಟಪುಟಕ್ಕ ಥಂಡಿ ಥಂಡಿ ಅಂತ ಅತ್ತಾನ. ಅಲ್ಲಿ ಥಂಡಿ ಇರತೈತಿ ಅಂತ ಇವಂಗ ಯಾರೂ ಹೇಳಿರಲಿಲ್ಲೇನ?" ಕವನದ ಪುಸ್ತಕ ಕೈಗೆ ಬಂದಾಗ ಅರ್ಧರ್ಧ ಪುಟ ಖಾಲಿ ಬಿಟ್ಟಿದ್ದಾರೆಂದು ಮೂಗು ಮುರಿದಳು. ಆದರೆ ಅದರಲ್ಲಿನ ಒಂದು ಪದ್ಯವನ್ನು ಪಾತ್ರೆ ತೊಳೆಯುವಾಗಲೆಲ್ಲ ಗುನುಗುತ್ತಿದ್ದಳು. ಅದೊಂದೇ ಯಾಕ್ರಿ ಎಂದು ಕೋಮಲ ಕೇಳಿದರೆ, "ಅದು ತಿಳೀವಲ್ದು, ಅದಕ್ಕ" ಎಂಬ ಉತ್ತರ ಬಂತು.

ಈ ಪುಸ್ತಕಗಳು ಎಲ್ಲಿಂದ ಬರುತ್ತಿದ್ದವು ಎಂಬುದೇ ಮನೆಯ ದೊಡ್ಡ ಗುಟ್ಟು. ಕೋಮಲಳ ಗಂಡ ಶಿವರಾಜನದು ಚಿಕ್ಕೋಡಿಯಲ್ಲಿ ಡ್ರಿಪ್ ಪೈಪಿನ ಅಂಗಡಿ. ಅಲ್ಲಿನ ಲೈಬ್ರರಿಯದು ಎನ್ನುತ್ತ ತಾಯಿಯ ಮುಂದೆ ಇಡುತ್ತಿದ್ದ. ಹಸಿ ಸುಳ್ಳು! ಕಳಿಸುತ್ತಿದ್ದವಳು ಅವನ ತಂಗಿ ಸಾರಿಕಾ. ಮೂರು ವರ್ಷದ ಹಿಂದೆ ಅವಳು ಜಾತಿ ಮೀರಿ ಅಕ್ಕೋಳದ ಬೌದ್ಧರ ಹುಡುಗ ಸುರಜನನ್ನು ಮದುವೆಯಾಗಿ, ಅವನ ಜೊತೆ ಬಂದು ತವರಿನ ಮುಂದೆ ನಿಂತಾಗ ಮುಖದ ಮೇಲೆ ಬಾಗಿಲು ಹಾಕಿದವಳು ಬೇರೆ ಯಾರೂ ಅಲ್ಲ, ಇದೇ ರುಕ್ಮವ್ವ. "ಆಕಿ ಹೆಸರ ಈ ಮನ್ಯಾಗ ಯಾರೂ ತಗೀಬ್ಯಾಡ್ರಿ" ಎಂದಳು. ಮಾವ ರಾವಸಾಹೇಬರು ಮೊದಲಿನಿಂದಲೂ ಹೆಂಡತಿ ಅಂದದ್ದಕ್ಕೆ ಹೂಂ ಅನ್ನುವವರು. ಅಂದೂ ಹೂಂ ಅಂದು ಕಬ್ಬಿನ ತೋಟದ ದಾರಿ ಹಿಡಿದರು.

ಸುರಜನಿಗೂ ಚಿಕ್ಕೋಡಿಯಲ್ಲೇ ಸರ್ಕಾರಿ ನೌಕರಿ. ಸಾರಿಕಾ ಓದಿ ಕೊಟ್ಟ ಪುಸ್ತಕವನ್ನು ಅವನು ಭಾವನ ಅಂಗಡಿಗೆ ಮುಟ್ಟಿಸುತ್ತಿದ್ದ. ಆಮೇಲೆ ಸಾರಿಕಾ ಅತ್ತಿಗೆಯನ್ನು ಕೇಳುತ್ತಿದ್ದದ್ದು ಒಂದೇ. "ವೈನಿ, ಅವ್ವ ಏನಂದ್ಲು?" ಕೋಮಲ ಹಿತ್ತಲಿಗೆ ಹೋಗಿ, ಅತ್ತೆಯದೇ ದನಿ ಮಾಡಿ, ಅಭಿಪ್ರಾಯವನ್ನೆಲ್ಲ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವಳು. ತಾಯಿ ಮಗಳ ನಡುವೆ ಉಳಿದಿದ್ದದ್ದು ಅಷ್ಟೇ. ಇದೇನಾದರೂ ಅತ್ತೆಗೆ ಗೊತ್ತಾದರೆ ಪುಸ್ತಕವೂ ನಿಲ್ಲುತ್ತದೆ, ಆ ಒಂದು ಎಳೆಯೂ ಹರಿಯುತ್ತದೆ ಎಂಬ ಅಂಜಿಕೆ ಕೋಮಲಳಿಗೆ ಸದಾ ಇತ್ತು.

ಮೊದಲು ಒಂದು ಪತ್ತೇದಾರಿ ಕಾದಂಬರಿಯಲ್ಲಿ ಸಣ್ಣ ಎಡವಟ್ಟಾಯಿತು. ಆಸ್ತಿಯ ಆಸೆಗೆ ತಮ್ಮನೇ ಅಣ್ಣನನ್ನು ಕೊಂದ ಎಂದು ರುಕ್ಮವ್ವ ಹೇಳಿದ್ದಳು. ಕೋಮಲ ಹಾಗೇ ವರದಿ ಒಪ್ಪಿಸಿದಳು. ಅತ್ತ ಕಡೆಯಿಂದ ಸಾರಿಕಾ, "ತಮ್ಮ ಅಲ್ರಿ ವೈನಿ, ಅಡಗಿ ಭಟ್ಟ ಕೊಂದಾಂವ" ಎಂದಳು. ತಾನೇ ಎಲ್ಲೋ ತೂಕಡಿಸಿ ತಪ್ಪು ಕೇಳಿಸಿಕೊಂಡಿರಬೇಕು ಎಂದುಕೊಂಡಳು ಕೋಮಲ.

ಅದಾದ ಮೇಲೆ ಬಂದದ್ದು ಒಂದು ದೊಡ್ಡ ಕಾದಂಬರಿ. ಗಿರಣಿ ಕೆಲಸದವರ ಓಣಿಯ ಹುಡುಗಿಯೊಬ್ಬಳು ಮನೆಯವರ ಮಾತು ಮೀರಿ ತಾನು ಮೆಚ್ಚಿದವನ ಹಿಂದೆ ಹೋಗುತ್ತಾಳೆ. ವರ್ಷಗಳ ಮೇಲೆ ದೀಪಾವಳಿಯ ದಿನ ತವರಿನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ರುಕ್ಮವ್ವ ಕತೆಯನ್ನು ಅಲ್ಲಿಗೇ ನಿಲ್ಲಿಸಿ ದ್ರಾಕ್ಷಿ ಆರಿಸತೊಡಗಿದಳು. ಕೋಮಲ ಆರಿಸುವುದು ಬಿಟ್ಟು ಅತ್ತೆಯತ್ತ ತಿರುಗಿದಳು.

"ಮುಂದ ಏನಾತ್ರಿ ಅತ್ತ್ಯಾರ?"

"ಏನಾಗೂದು, ತಾಯಿ ಬಾಗಲಾ ತಗದ್ಲು. ಇಷ್ಟ್ಯಾಕ ಸೊರಗಿ ಅಂತ ಮದಲ ಬೈದ್ಲು. ಕೈಹಿಡದ ಒಳಗ ಕರಕೊಂಡ ಹೋಗಿ ಉಣ್ಣಾಕ ಹಾಕಿದ್ಲು."

"ಅಳಿಯಾ?"

"ಹೊರಗ ನಿಂತಿದ್ದ. ಅವನ್ನೂ ಕರದ್ಲು. ಏನ ಮಾಡೂದು ಮತ್ತ?"

ಇಷ್ಟು ಹೇಳಿ ರುಕ್ಮವ್ವ ಕನ್ನಡಕ ತೆಗೆದು ಸೆರಗಿನಿಂದ ಗಸಗಸ ತಿಕ್ಕಿದಳು. ಕೋಮಲಳ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ಚೆಂದದ ಕೊನೆ, ಮತ್ತೆ ಈ ಸಿಟ್ಟು ಯಾರ ಮೇಲೆ?

ಸಂಜೆ ಹಿತ್ತಲಲ್ಲಿ ನಿಂತು ಎಲ್ಲವನ್ನೂ ಸಾರಿಕಾಳಿಗೆ ಹೇಳಿ ಕಳಿಸಿದಳು. ಯಾವಾಗಲೂ ನಗುವಿನ ಜೊತೆ ಬರುವ ಉತ್ತರ ಅಂದು ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಫೋನೇ ಬಂತು. ಸಾರಿಕಾ ಬಿಕ್ಕುತ್ತಿದ್ದಳು.

"ಅವ್ವ ಖರೇನ ಹಂಗ ಹೇಳಿದ್ಲೇನ್ರಿ ವೈನಿ? ಬಾಗಲಾ ತಗದ್ಲು ಅಂತ?"

"ಹೌದವಾ. ಯಾಕ, ಏನಾತು?"

"ಆ ಪುಸ್ತಕದಾಗ ತಾಯಿ ಬಾಗಲಾ ತಗ್ಯೂದ ಇಲ್ರಿ. ಓದಿದ್ರ ನನ್ನ ನೆನಪ ಆದೀತು ಅಂತ ನಾನ ಬೇಕಂತ ಕಳಸಿದ್ದೆ."

ಮರುದಿನ ಮಧ್ಯಾಹ್ನ ಅತ್ತೆ ಅಡ್ಡಾದದ್ದು ನೋಡಿ ಕೋಮಲ ಪುಸ್ತಕ ತೆಗೆದಳು. ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಅಕ್ಷರಗಳೇನೋ ಗುರುತಿದ್ದವು. ಮನೆಯಲ್ಲಿ ಕಿವಿಗೆ ಬಿದ್ದ ಮರಾಠಿಯನ್ನು ಆಸರೆ ಮಾಡಿಕೊಂಡು ಕೊನೆಯ ಪುಟವನ್ನು ಒಂದೊಂದೇ ಶಬ್ದ ಕೂಡಿಸಿ ಓದಿದಳು. ಸಾರಿಕಾ ಅಂದದ್ದು ನಿಜ. ತಾಯಿ ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಮಗಳ ಹೆಜ್ಜೆ ಸಪ್ಪಳ ಓಣಿಯಲ್ಲಿ ದೂರ ಹೋಗುತ್ತದೆ, ಕಾದಂಬರಿ ಮುಗಿಯುತ್ತದೆ.

"ಮರಾಠಿ ಯಾವಾಗ ಕಲ್ತೀಬೇ?"

ರುಕ್ಮವ್ವ ಎದ್ದು ಬಾಗಿಲಲ್ಲಿ ನಿಂತಿದ್ದಳು. ಇನ್ನು ಮುಚ್ಚಿಟ್ಟು ಮಾಡುವುದೇನು ಎಂದುಕೊಂಡ ಕೋಮಲ ನೇರ ಕೇಳಿಯೇಬಿಟ್ಟಳು.

"ಅತ್ತ್ಯಾರ, ಇದರಾಗ ತಾಯಿ ಬಾಗಲಾ ತಗದಿಲ್ಲಲ್ರಿ?"

"ತಪ್ಪ ಬರದಾನ. ತಿದ್ದಿ ಹೇಳಿದೆ."

"ಮತ್ತ ಆ ಕೊಲಿ? ಅಡಗಿ ಭಟ್ಟ ಮಾಡಿದ್ದಂತಲ್ರಿ?"

"ಅನ್ನಾ ಹಾಕೂ ಮನಷ್ಯಾ ಕೊಲ್ಲತಾನೇನ? ಅದೂ ತಪ್ಪ. ಅದನ್ನೂ ತಿದ್ದಿದೆ."

ಕೋಮಲಳಿಗೆ ನಗು ತಡೆಯಲಾಗಲಿಲ್ಲ. ಆದರೆ ರುಕ್ಮವ್ವ ನಗಲಿಲ್ಲ. ಪುಸ್ತಕ ಕಸಿದುಕೊಂಡು ಕೊನೆಯ ಪುಟದ ಮೇಲೆ ಬೆರಳು ಕುಟ್ಟಿದಳು.

"ಹೆಜ್ಜಿ ಸಪ್ಪಳ ಕೇಳಿದ್ಲಂತ, ಮುಗೀತಂತ! ಏನ ಮುಗೀತು? ಮರುದಿನಾ ಆಕಿ ಒಲಿ ಮುಂದ ಹೆಂಗ ಕುಂತ್ಲು? ಹಬ್ಬ ಬಂದ್ರ ಹೋಳಿಗಿ ಗಂಟಲಾಗ ಇಳೀತೇನ? ಓಣ್ಯಾಗ ಯಾರ ಚಪ್ಪಲಿ ಸಪ್ಪಳ ಆದ್ರೂ ಆಕಿ ಎದ್ದ ನೋಡ್ತಿದ್ಲು. ದಿನಾ ನೋಡ್ತಿದ್ಲು. ಅದೇನರ ಗೊತ್ತೈತೇನ ಇದನ್ನ ಬರದಾಂವಗ?"

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಕೋಮಲಳಿಗೂ ಕಣ್ಣು ತುಂಬಿ ಬಂತು. ಅತ್ತೆ ಮಾತಾಡುತ್ತಿರುವುದು ಗಿರಣಿ ಓಣಿಯ ಹೆಂಗಸಿನ ಬಗ್ಗೆ ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಫೋನ ಹಚ್ಚು" ಅಂದಳು ರುಕ್ಮವ್ವ.

"ಯಾರಿಗ್ರಿ?"

"ಇದನ್ನ ಕಳಸಿದಾಕಿಗೆ. ಲೈಬ್ರರಿ ಪುಸ್ತಕಕ್ಕ ಹೆಸರಿನ ಶಿಕ್ಕಾ ಹೊಡದಿರತಾರ, ಇವಕ್ಕ ಒಂದಕ್ಕೂ ಇಲ್ಲ. ನಾ ಓದಾಕಿ ಅದೀನಿ, ಹುಚ್ಚಿ ಅಲ್ಲ."

ಕೋಮಲ ಸಾರಿಕಾಳ ನಂಬರು ಒತ್ತಿ ಫೋನನ್ನು ಅತ್ತೆಯ ಕೈಗಿಟ್ಟಳು. ಗಂಟೆ ಬಾರಿಸುವ ಮೊದಲೇ ಎತ್ತಿಕೊಂಡಂತೆ ಅತ್ತಲಿಂದ, "ಹಾಂ ವೈನಿ, ಹೇಳ್ರಿ" ಎಂಬ ದನಿ ಕೇಳಿತು.

"ವೈನಿ ಅಲ್ಲ, ನಾನು" ಅಂದಳು ರುಕ್ಮವ್ವ. "ಹಿಂಥಾ ಪುಸ್ತಕ ಯಾಕ ಕಳಸ್ತಿ? ಬರ್ಯಾಕ ಬರದಾಂವ ಬರದಾನ. ಅಳಬ್ಯಾಡ. ನಾ ಪುಸ್ತಕದ ಮಾತ ಆಡಾಕತ್ತೀನಿ, ಅಳಬ್ಯಾಡ."

ಆದರೆ ಅತ್ತವರು ಇಬ್ಬರೂ. ಅಳು ತಾನಾಗಿ ನಿಂತ ಮೇಲೆ, ಫೋನು ಇಡಲು ಮನಸ್ಸಿಲ್ಲದೆ, ಏನು ಕೇಳಬೇಕೋ ತಿಳಿಯದೆ, ರುಕ್ಮವ್ವ ಮತ್ತೆ ಓದಿನ ಮಾತಿಗೇ ಬಂದಳು.

"ನಿನ್ನ ಗಂಡ ಏನ ಓದತಾನ?"

"ಅಂವಾ? ಬರೇ ಹಕ್ಕಿ ಪುಸ್ತಕ, ಅವ್ವಾ. ಸೂಟಿ ಇದ್ದಾಗ ಕೃಷ್ಣಾ ಹೊಳಿ ದಂಡಿ ಹಿಡದ ಹಕ್ಕಿ ನೋಡಕೋತ ತಿರಗತಾನ. ಹ್ವಾದ ತಿಂಗಳ ಸತ್ತಿ ದಂಡಿಗೂ ಬಂದಿದ್ದ."

"ಹೊಳಿತನಕ ಬಂದಾಂವ ಮನಿಗೆ ಬರಲಿಲ್ಲ?" ರುಕ್ಮವ್ವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಬಾಗಿಲು ಹಾಕಿದವಳು ತಾನೇ ಎಂಬುದು ಆಮೇಲೆ ನೆನಪಾಗಿರಬೇಕು, ಆ ಮಾತನ್ನು ಅಲ್ಲಿಗೇ ಬಿಟ್ಟಳು. ಆದರೆ ಮನಸ್ಸು ಹಕ್ಕಿಯ ಮೇಲೇ ಕೂತಿತ್ತು. "ಅಲ್ಲಬೇ, ಹಕ್ಕಿ ಮ್ಯಾಲ ಅಷ್ಟ ದಪ್ಪ ದಪ್ಪ ಪುಸ್ತಕ ಬರೀಲಿಕ್ಕೆ ಏನ ಇರತೈತಿ?"

"ನನಗ ಗೊತ್ತಿಲ್ಲವ್ವಾ. ಅವನ್ನ ಕೇಳಬೇಕು."

"ಹಂಗಾರ ಐತವಾರ ಕರಕೊಂಡ ಬಾ ಅವನ್ನ. ಕೇಳ್ತೀನಿ."