ಆರನೇ ಮಹಡಿಯ ಸ್ಟೂಲು

"ಭಾವಾ! ಮೇಲೆ ಮುಟ್ಟಿದ್ರಾ?"

ಕೂಗು ಲಿಫ್ಟಿನ ಬಾವಿಯೊಳಗಿಂದ ಏರಿ ಬಂತು. ನಾನು ಆರನೇ ಮಹಡಿಯಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದೆ. ಹೆಗಲಲ್ಲಿ ಸ್ಪ್ಯಾನರುಗಳ ಚೀಲ. ಉತ್ತರ ಕೊಡಲು ಬಾಯಿ ತೆರೆದೆ. ಗಾಳಿ ಒಳಗೆ ಹೋಯಿತೇ ಹೊರತು ಮಾತು ಹೊರಗೆ ಬರಲಿಲ್ಲ.

"ಕೇಳಿಸ್ತಾ ಭಾವ? ಬಾಯಲ್ಲಿ ಏನಿಟ್ಕೊಂಡಿದೀರಾ?"

ಅವನು ನನ್ನ ಹೆಂಡತಿಯ ತಮ್ಮ. ಲಿಫ್ಟ್ ರಿಪೇರಿಯಲ್ಲಿ ನನ್ನ ಜೊತೆಗಾರ. ನಲವತ್ತೊಂದು ದಿನಗಳಿಂದ, ಅಂದರೆ ನಾನು ಸಿಗರೇಟು ಬಿಟ್ಟಂದಿನಿಂದ, ಅಕ್ಕನ ಗೂಢಚಾರನೂ ಹೌದು. ನಮ್ಮ ಕೆಲಸದ ಕಟ್ಟಳೆ ಸರಳ. ಒಬ್ಬ ಕೆಳಗೆ ಬಾವಿಯ ತಳದ ಗುಂಡಿಯಲ್ಲಿ, ಇನ್ನೊಬ್ಬ ತುದಿಯಲ್ಲಿ, ಒಂಬತ್ತನೇ ಮಹಡಿಯ ಮೆಷಿನ್ ರೂಮಿನಲ್ಲಿ. ಮೇಲಿನವನು 'ಮುಟ್ಟಿದೆ' ಎಂದು ಕೂಗುವ ತನಕ ಕೆಳಗಿನವನು ಯಾವುದಕ್ಕೂ ಕೈ ಹಚ್ಚುವಂತಿಲ್ಲ, ಸುಮ್ಮನೆ ಕಾಯಬೇಕು. ಸುಮ್ಮನೆ ಕಾಯುವವನಿಗೆ ಅನುಮಾನಪಡಲು ಬೇಕಾದಷ್ಟು ಪುರುಸೊತ್ತು. ನಾನು ಒಂದು ಗಳಿಗೆ ತಡ ಮಾಡಿದರೆ ಅದು ಒಂದು ಸಿಗರೇಟು. ಸಂಜೆಯೊಳಗೆ ಸುದ್ದಿ ಅಕ್ಕನ ಕಿವಿಯಲ್ಲಿ.

ಹಾಗಾಗಿ ನಾನು ಎಲ್ಲೂ ನಿಲ್ಲದೆ ಹತ್ತುತ್ತಿದ್ದೆ. ಇವತ್ತು ಮಾತ್ರ ಆರನೆಯದರಲ್ಲಿ ನಿಂತುಬಿಟ್ಟೆ.

ನನ್ನದೂ ಒಂದು ಅನುಮಾನವಿತ್ತು, ಯಾರ ಮುಂದೆಯೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಸೇದಿದೆ, ಇದೇ ಮೆಟ್ಟಿಲು ಹತ್ತಿದೆ, ಏನೂ ಆಗಲಿಲ್ಲ. ಬಿಟ್ಟೆ ನೋಡಿ, ಉಸಿರು ಕೈಕೊಟ್ಟಿತು. ಆ ಸಿಗರೇಟೇ ನನ್ನನ್ನು ಇಷ್ಟು ದಿನ ಎತ್ತಿ ಹಿಡಿದಿತ್ತೇನೋ? ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಎದೆಗೆ ತಣ್ಣನೆಯ ಬಿಲ್ಲೆ ಇಟ್ಟು ಕೇಳಿದರು, ಕೊಳವೆಗೆ ಊದಿಸಿದರು. "ಗಾಬರಿಪಡೋ ಅಂಥದ್ದೇನಿಲ್ಲ. ಇಪ್ಪತ್ತೆರಡು ವರ್ಷದ ಕಸ, ಎರಡು ದಿನಕ್ಕೆ ಹೋಗುತ್ತಾ? ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಿ. ಮೂಗಿನಲ್ಲಿ ಎಳ್ಕೊಂಡು, ತುಟಿ ಸಣ್ಣ ಮಾಡಿ, ಬಿಸಿ ಹಾಲು ಆರಿಸೋ ಹಾಗೆ ಮೆಲ್ಲಗೆ ಬಿಡಿ," ಎಂದರು. ಅವರ ದವಾಖಾನೆ ಇದ್ದದ್ದು ನೆಲಮಹಡಿಯಲ್ಲಿ. ಕೆಳಗೇ ಕೂತವರಿಗೆ ಮೆಟ್ಟಿಲಿನ ವಿಷಯ ಏನು ಗೊತ್ತು ಎಂದುಕೊಂಡು ಬಂದೆ. ಈ ವಾರ ಮುಗಿಯುವುದರೊಳಗೆ ಉಸಿರು ಸರಿಹೋಗದಿದ್ದರೆ ಮತ್ತೆ ಹಚ್ಚುವುದೇ ಎಂದು ನನಗೆ ನಾನೇ ಗಡುವು ಕೊಟ್ಟುಕೊಂಡಿದ್ದೆ. ಇವತ್ತು ಶನಿವಾರ.

ಬೇರೆ ದಾರಿ ಇಲ್ಲದೆ ಡಾಕ್ಟರು ಹೇಳಿದ್ದನ್ನೇ ಮಾಡಿದೆ. ಮೂಗಿನಲ್ಲಿ ಎಳೆದೆ. ತುಟಿ ಚೂಪು ಮಾಡಿ ಬಿಟ್ಟೆ. ಫೂ.

"ಫೂ ಅಂತ ಬಿಡ್ತಿದೀರಾ!" ಬಾವಿ ಗುಡುಗಿತು. "ಇಲ್ಲೀವರೆಗೂ ಕೇಳಿಸ್ತಿದೆ ಭಾವ!"

ಬೆಳಿಗ್ಗೆ ಹೊರಡುವಾಗಲೇ ಮನೆಯಲ್ಲಿ ಒಂದು ಸುತ್ತು ಜಗಳ ಆಗಿತ್ತು. ನನ್ನ ಚೀಲದಲ್ಲಿ ಹೆಂಡತಿಗೆ ಖಾಲಿ ಸಿಗರೇಟು ಪ್ಯಾಕು ಸಿಕ್ಕಿತ್ತು. ಮೆಷಿನ್ ರೂಮಿನ ಪೆಟ್ಟಿಗೆಯಲ್ಲಿ ಉಗುರಿನಷ್ಟು ಸಣ್ಣ ತಾಮ್ರದ ಬಿಲ್ಲೆಗಳಿರುತ್ತವೆ. ಅವು ಒಂದಕ್ಕೊಂದು ತಾಗಿದರೆ ಲಿಫ್ಟು ಓಡುತ್ತದೆ, ನಡುವೆ ಮಸಿ ಕೂತರೆ ನಿಲ್ಲುತ್ತದೆ. ಆ ಮಸಿ ಎಳೆಯಲು ಸಿಗರೇಟು ಪ್ಯಾಕಿನ ರಟ್ಟಿನಷ್ಟು ಹದವಾದದ್ದು ಬೇರೆ ಇಲ್ಲ. ದಪ್ಪವೂ ಅಲ್ಲ, ನಾರೂ ಬಿಡುವುದಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟ ವಿದ್ಯೆ ಅದು. ಸೇದುವ ಕಾಲದಲ್ಲಿ ರಟ್ಟಿಗೆ ಬರವಿರಲಿಲ್ಲ. ಈಗ ಬೀಡಾ ಅಂಗಡಿಯ ಕಸದ ಡಬ್ಬಿಯಿಂದ ಆಯ್ದು ತರುತ್ತೇನೆ.

"ಕಸದ ಡಬ್ಬಿಯಿಂದಾನಾ?" ಎಂದಿದ್ದಳು. "ರೀ, ಸುಳ್ಳು ಹೇಳೋದಾದ್ರೆ ಸ್ವಲ್ಪ ಮರ್ಯಾದಸ್ಥ ಸುಳ್ಳು ಹೇಳಿ."

"ನಿನ್ನ ತಮ್ಮನ್ನೇ ಕೇಳು, ಅವನೂ ಅದೇ ಕೆಲಸದವನಲ್ವಾ?"

"ಕೇಳಿದೆ. ಅವನು ಉಪ್ಪುಕಾಗದದಲ್ಲಿ ತಿಕ್ತಾನಂತೆ."

ಅದಕ್ಕೇ ಅವನು ತಿಕ್ಕಿದ ಲಿಫ್ಟು ತಿಂಗಳೊಳಗೆ ಮತ್ತೆ ನಿಲ್ಲುತ್ತದೆ. ಆದರೆ ಅದನ್ನು ಹೇಳುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮೇ ಸಾಕ್ಷಿಯಾಯಿತು.

ಆರನೇ ಮಹಡಿಯ ಎಡಗಡೆಯ ಬಾಗಿಲು ತೆರೆಯಿತು. ಟೈಪಿಸ್ಟಮ್ಮ. ಎಂದೋ ನಿವೃತ್ತಿಯಾದ ಹೆಂಗಸು. ಕಟ್ಟಡದಲ್ಲಿ ಎಲ್ಲರೂ ಈಗಲೂ ಹಾಗೇ ಕರೆಯುತ್ತಾರೆ.

"ಯಾರಪ್ಪಾ ಅದು, ಬಾಗಿಲ ಹತ್ರ ತಿದಿ ಒತ್ತೋದು? ಓ, ನೀನಾ. ಇನ್ನೂ ಸೇದೋದು ಬಿಟ್ಟಿಲ್ವಾ?"

"ಬಿಟ್ಟೆ ಅಮ್ಮ. ಬಿಟ್ಟಿದ್ದಕ್ಕೇ ಹೀಗಾಗಿರೋದು. ಮೊದಲೆಲ್ಲ ಒಂಬತ್ತು ಮಹಡಿ ಸಲೀಸಾಗಿ ಹತ್ತುತ್ತಿದ್ದೆ."

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು.

"ಸಲೀಸಾಗಿ? ನೀನು? ಮೂರನೇದ್ರಲ್ಲಿ ಒಂದು ಸೇದ್ತಿದ್ದೆ. ಇಲ್ಲಿ ಬಂದು ಆ ಕಿಟಕಿಗೆ ಒರಗಿ ಇನ್ನೊಂದು. ಮೇಲೆ ಎಷ್ಟೋ, ನಂಗೊತ್ತಿಲ್ಲ. ಒಂದೊಂದಕ್ಕೂ ಹತ್ತು ನಿಮಿಷ. ನಿನ್ನ ಬೂದಿ ಗುಡಿಸಿದೋಳು ನಾನು, ನಂಗೆ ಕಥೆ ಹೇಳ್ತೀಯಾ? ಆಗಲೂ ಹೀಗೇ ತೇಕ್ತಾ ಬರ್ತಿದ್ದೆ ಕಣಪ್ಪ."

ನಾನು ಕಿಟಕಿಯ ಕಡೆ ನೋಡಿದೆ. ಕಲ್ಲಿನ ಕಟ್ಟೆಯ ಮೇಲೆ ನಾನೇ ಒತ್ತಿ ಆರಿಸಿದ ಕಪ್ಪು ಚುಕ್ಕೆಗಳು ಸಾಲಾಗಿದ್ದವು. ಮೂರನೇ ಮಹಡಿ, ಆರನೆಯದು, ಎಂಟನೆಯದು, ಮೂರು ಕಡೆ ನಿಲ್ಲುತ್ತಿದ್ದೆ. ನನ್ನ ಜನ್ಮದಲ್ಲಿ ಒಂಬತ್ತು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದವನಲ್ಲ ನಾನು. ಸಿಗರೇಟಿನ ಜೊತೆ ನಿಲ್ಲುವುದನ್ನೂ ಬಿಟ್ಟುಬಿಟ್ಟಿದ್ದೆ. ಬಿಟ್ಟಿದ್ದಲ್ಲ, ಬಿಡಿಸಿದರು; ಕೆಳಗೆ ಗುಂಡಿಯಲ್ಲಿ ಒಬ್ಬ ಗಡಿಯಾರ ನೋಡುತ್ತಿದ್ದ.

"ಕೆಳಗಿರೋನು ಅನುಮಾನ ಪಡ್ತಾನೆ ಅಮ್ಮ, ನಿಂತ್ರೆ."

"ಸೇದೋಕೆ ನಿಲ್ಲುವಾಗ ಯಾರ ಹೆದರಿಕೆಯೂ ಇರ್ಲಿಲ್ಲ, ಸುಮ್ಮನೆ ನಿಲ್ಲೋಕೆ ಹೆದರಿಕೆಯಾ?" ಅವರು ಒಳಗಿನಿಂದ ಮರದ ಸ್ಟೂಲು ತಂದು ಕಿಟಕಿಯ ಕೆಳಗಿಟ್ಟರು. "ಕೂತ್ಕೋ. ಹೋಗುವಾಗ ಬಾಗಿಲ ಹತ್ರ ಇಟ್ಟು ಹೋಗು."

ಕೂತೆ. ಕೈಗೆ ಏನೂ ಕೆಲಸವಿರಲಿಲ್ಲ. ಅದನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಎಳೆದೆ, ಬಿಟ್ಟೆ. ಫೂ. ನಾಲ್ಕನೆಯ ಸಲಕ್ಕೆ ಎದೆಗೆ ಬಿಗಿದಂತಿದ್ದ ಪಟ್ಟಿ ಒಂದು ತೂತಿನಷ್ಟು ಸಡಿಲಾಯಿತು.

ಮೆಟ್ಟಿಲಲ್ಲಿ ದಡದಡ ಸದ್ದು. ಗುಂಡಿಯಲ್ಲಿದ್ದವನು ಎರಡೆರಡು ಮೆಟ್ಟಿಲು ಹಾರಿ ಬಂದಿದ್ದ. ನಾನು ಕಿಟಕಿಯ ಬಳಿ ಕೂತಿದ್ದು ಕಂಡದ್ದೇ ಅವನ ಮುಖ ಅರಳಿತು.

"ಸಿಕ್ಕಿಬಿದ್ರಿ!" ಹತ್ತಿರ ಬಂದು ಮೂಸಿದ. ಕಿಟಕಿಯ ಹೊರಗೆ ಬಗ್ಗಿ ನೋಡಿದ. ನನ್ನ ಜೇಬಿನಿಂದ ಇಣುಕುತ್ತಿದ್ದ ಹಳೇ ಪ್ಯಾಕನ್ನು ಎಳೆದು ತೆರೆದ. ಒಳಗೆ ಕತ್ತರಿಸಿದ ರಟ್ಟಿನ ಪಟ್ಟಿಗಳು, ಮಸಿ ಹಿಡಿದ ತುದಿ.

"ಮತ್ತೆ ಫೂ ಅಂದಿದ್ದು?"

"ಉಸಿರು ಬಿಟ್ಟಿದ್ದು ಕಣೋ. ಉಸಿರು ಬಿಡೋದಕ್ಕೂ ನಿನ್ನ ಅಕ್ಕನ ಅಪ್ಪಣೆ ಬೇಕಾ?"

ಅವನು ಮೆಟ್ಟಿಲ ಮೇಲೆ ಕುಸಿದ. ಇಪ್ಪತ್ತಾರರ ಹುಡುಗ, ಹೊಗೆ ಎಂದರೆ ಆಗದವನು, ಅವನೂ ತೇಕುತ್ತಿದ್ದ. ನೋಡಿ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಅವನು ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಹೊಸ ಪ್ಯಾಕು. ನಾನು ಸೇದುತ್ತಿದ್ದದ್ದೇ. ಮೇಲಿನ ಹೊಳೆಯುವ ಹಾಳೆ ಇನ್ನೂ ಹರಿದಿರಲಿಲ್ಲ.

"ಬೆಳಿಗ್ಗೆ ಬರ್ತಾ ತಗೊಂಡೆ," ಎಂದ, ನನ್ನ ಮುಖ ನೋಡದೆ. "ನಿಮ್ಮ ಒದ್ದಾಟ ನೋಡೋಕಾಗಲ್ಲ ಭಾವ. ಒಂದೇ ಒಂದು ಸೇದಿ. ಅಕ್ಕನಿಗೆ ಹೇಳಲ್ಲ, ನನ್ನಾಣೆ."

ಹಾಳೆಯನ್ನು ಅವನೇ ಹರಿದ, ಒಂದನ್ನು ಅರ್ಧ ಎಳೆದು ನನ್ನ ಕಡೆ ಚಾಚಿದ. ಆ ವಾಸನೆಗೆ ನಾಲಿಗೆಯ ಬುಡದಲ್ಲಿ ನೀರೂರಿತು. ಅವನ ಕಣ್ಣು ನೋಡಿದೆ. ಕರುಣೆಯೋ ಗಾಳವೋ, ಗೊತ್ತಾಗಲಿಲ್ಲ. ಅಂಗಡಿಗೆ ಕಳಿಸಿದ್ದು ಅವನ ಅಕ್ಕನೇ ಇರಬಹುದು, ಇಲ್ಲದೆಯೂ ಇರಬಹುದು. ಕೆಳಗೆ ಲಿಫ್ಟು ನಿಂತೇ ಇತ್ತು, ಮೇಲೆ ಇನ್ನೂ ಮೂರು ಮಹಡಿ ಇತ್ತು, ಎಂಟನೆಯದರಲ್ಲಿ ನಾನು ಮತ್ತೆ ನಿಲ್ಲುವವನಿದ್ದೆ.

"ತಗೊಳ್ಳಿ ಭಾವ. ಉಸಿರು ಸರಿಹೋಗುತ್ತೆ."

"ಬೇಡ," ಎಂದೆ.